ಯುರೋಪಲ್ಲಿ ಎಮರ್ಜೆನ್ಸಿ ಮೆಡಿಸಿನ್: ಬ್ರಿಟನ್ನಾ, ಜರ್ಮನಿಯಾ, ಸ್ವೀಡನ್ನಾ?

ಜರ್ಮನಿಯಲ್ಲಿ ಎಮರ್ಜೆನ್ಸಿ ಮೆಡಿಸಿನ್ (ಇಎಂ, ಅಂದರೆ ತುರ್ತು ಚಿಕಿತ್ಸೆ) ಅನ್ನೋ ಪಿಜಿಯೇ ಇಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಯಾಕೆಂದರೆ "ಅಣ್ಣಾ, ಜರ್ಮನ್ ಭಾಷೆ ಬಿ1 ಹಂತ ಮುಗೀತು, ಅಲ್ಲಿ ಇಎಂ ಸೀಟು ಹೇಗೆ ಸಿಗುತ್ತೆ?" ಅಂತ ಎಂಬಿಬಿಎಸ್ ಮುಗಿಸಿದ ಊರಿನ ಹುಡುಗರು ಕೇಳುವುದು ಜಾಸ್ತಿಯಾಗಿದೆ, ಅಷ್ಟು ಹೊತ್ತಿಗೆ ಅವರು ಕ್ಲಾಸಿಗೆ ದುಡ್ಡು ಕಟ್ಟಿ ವರ್ಷ ಕಳೆದಿರುತ್ತಾರೆ. ಸೀಟೂ ಇಲ್ಲ, ಆ ಹೆಸರಿನ ಕೋರ್ಸೂ ಇಲ್ಲ. ಎಮರ್ಜೆನ್ಸಿ ಕೆಲಸ ಮಾತ್ರ ಕೈತುಂಬ ಇದೆ. ಈ ವಿಚಿತ್ರ ಅರ್ಥವಾದರೆ ಯುರೋಪಿನ ಅರ್ಧ ಕಥೆ ಅರ್ಥವಾದ ಹಾಗೆ.

ನಾವೆಲ್ಲ "ಯಾವ ದೇಶ" ಅಂತ ಶುರು ಮಾಡುತ್ತೇವೆ. ಸಂಬಳ ಎಷ್ಟು, ವೀಸಾ ಹೇಗೆ, ಚಳಿ ತಡೆಯಬಹುದಾ. ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಆ ದೇಶದಲ್ಲಿ ಎಮರ್ಜೆನ್ಸಿ ಡಾಕ್ಟರ್ ಅಂದರೆ ಯಾರು? ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ನೋಡುವವರಾ, ಆಂಬುಲೆನ್ಸಿನಲ್ಲಿ ಹೋಗಿ ರಸ್ತೆಯಲ್ಲೇ ಉಸಿರಿನ ಟ್ಯೂಬ್ ಹಾಕುವವರಾ, ಅಥವಾ ಬೇರೆ ಯಾವುದೋ ಪಿಜಿ ಮುಗಿಸಿ ಎರಡು ವರ್ಷ ಹೆಚ್ಚುವರಿಯಾಗಿ ಕಲಿತವರಾ? ಹೆಸರು ಒಂದೇ, ಕೆಲಸ ಮೂರು ತರಹ.

ನಮ್ಮೂರಿಗೆ ಹೋಲಿಸಿ ನೋಡಿ. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅದರಲ್ಲಿ ಬರುವವರು ಡಾಕ್ಟರಲ್ಲ, ತುರ್ತು ಚಿಕಿತ್ಸೆಯ ತರಬೇತಿ ಪಡೆದ ಇಎಂಟಿ. ರೋಗಿಯನ್ನು ಎತ್ತಿಕೊಂಡು ಆದಷ್ಟು ಬೇಗ ಡಾಕ್ಟರ ಹತ್ತಿರ ತರುತ್ತಾರೆ. ಬ್ರಿಟನ್, ಐರ್ಲೆಂಡ್ ಕೂಡ ಇದೇ ದಾರಿ, ಅಲ್ಲಿ ಪ್ಯಾರಾಮೆಡಿಕ್‌ಗಳ ತರಬೇತಿ ತುಂಬಾ ಮುಂದಿದೆ ಅಷ್ಟೆ. ಫ್ರಾನ್ಸ್, ಜರ್ಮನಿ ಉಲ್ಟಾ. ಅಲ್ಲಿ ಗಂಭೀರ ಕೇಸಾದರೆ ಡಾಕ್ಟರೇ ಮನೆ ಬಾಗಿಲಿಗೆ ಬರುತ್ತಾರೆ. ಡಾಕ್ಟರು ರಸ್ತೆಯಲ್ಲಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ಅಂಥದ್ದೇ ಒಬ್ಬ ಸ್ಪೆಷಲಿಸ್ಟ್ ಬೇಕು ಅಂತ ಆ ದೇಶಗಳಿಗೆ ಬಹಳ ಕಾಲ ಅನ್ನಿಸಲೇ ಇಲ್ಲ. ಅಲ್ಲಿ ಪಿಜಿ ತಡವಾಗಿ ಬಂದಿದ್ದಕ್ಕೆ, ಜರ್ಮನಿಗೆ ಇನ್ನೂ ಬರದೇ ಇರುವುದಕ್ಕೆ ಇದೇ ದೊಡ್ಡ ಕಾರಣ.

ಬ್ರಿಟನ್

ನಾವು ಇವತ್ತಿಗೂ ಕ್ಯಾಶುವಾಲ್ಟಿ ಅಂತೀವಿ, ಅಲ್ವಾ? ಆ ಪದ ಕೊಟ್ಟ ಬ್ರಿಟನ್ ಅದನ್ನು ಯಾವಾಗಲೋ ಬಿಟ್ಟಿತು. 1962ರ ಪ್ಲಾಟ್ ವರದಿ "ಆಕ್ಸಿಡೆಂಟ್ ಅಂಡ್ ಎಮರ್ಜೆನ್ಸಿ" ಅನ್ನಿ ಅಂತ ಹೇಳಿತು. ಆಗ ಅಲ್ಲಿನ ಕ್ಯಾಶುವಾಲ್ಟಿ ನಮ್ಮದರ ಹಾಗೇ ಇತ್ತು. ಜೂನಿಯರ್‌ಗಳು ರಾತ್ರಿಯಿಡೀ ಓಡಾಡಬೇಕು, ಹೆಸರಿಗೊಬ್ಬ ಆರ್ಥೋ ಸರ್ಜನ್ ಮುಖ್ಯಸ್ಥ, ಅವರು ಆಪರೇಷನ್ ಥಿಯೇಟರ್ (ಓಟಿ) ಬಿಟ್ಟು ಬರುವುದಿಲ್ಲ. ಈ ಪಾಡಿನಲ್ಲಿದ್ದವರು 1967ರಲ್ಲಿ ಕ್ಯಾಶುವಾಲ್ಟಿ ಸರ್ಜನ್ಸ್ ಅಸೋಸಿಯೇಷನ್ ಕಟ್ಟಿಕೊಂಡರು, ಲೀಡ್ಸ್‌ನ ಮಾರಿಸ್ ಎಲ್ಲಿಸ್ ಮೊದಲ ಅಧ್ಯಕ್ಷರು. 1972ರಲ್ಲಿ ಮೂವತ್ತರ ಆಸುಪಾಸು ಕನ್ಸಲ್ಟೆಂಟ್ (ಪೂರ್ಣ ಸ್ಪೆಷಲಿಸ್ಟ್) ಹುದ್ದೆಗಳನ್ನು ಪ್ರಯೋಗಕ್ಕೆ ಅಂತ ಕೊಟ್ಟರು. ಅಲ್ಲಿಂದ ಬೆಳೆದ ಮರವೇ ಇವತ್ತಿನ ರಾಯಲ್ ಕಾಲೇಜ್ ಆಫ್ ಎಮರ್ಜೆನ್ಸಿ ಮೆಡಿಸಿನ್. "ರಾಯಲ್" ಅನ್ನೋದು ಸೇರಿದ್ದು 2015ರಲ್ಲಿ.

ತರಬೇತಿ ಆರು ವರ್ಷ. ಮೊದಲ ಎರಡಕ್ಕೆ ಎಸಿಸಿಎಸ್ ಅನ್ನುತ್ತಾರೆ: ಎಮರ್ಜೆನ್ಸಿ, ಮೆಡಿಸಿನ್, ಅನಸ್ತೇಷಿಯಾ, ಐಸಿಯು, ಒಂದೊಂದು ಆರು ತಿಂಗಳು. ನನಗೆ ಇಡೀ ಯುರೋಪಿನ ತರಬೇತಿಗಳಲ್ಲಿ ಅತಿ ಇಷ್ಟವಾದ ಭಾಗ ಇದೇ. ಅನಸ್ತೇಷಿಯಾದಲ್ಲಿ ಆರು ತಿಂಗಳು ದಿನಾ ಏರ್‌ವೇ (ಉಸಿರಿನ ದಾರಿ) ನೋಡಿ ಬಂದವರು ಮಧ್ಯರಾತ್ರಿ ಅತಿ ಗಂಭೀರ ಕೇಸುಗಳ ರಿಸಸ್ ರೂಮಿನಲ್ಲಿ ನಿಲ್ಲುವ ರೀತಿಯೇ ಬೇರೆ. ಮೂರನೇ ವರ್ಷ ಮಕ್ಕಳ ಎಮರ್ಜೆನ್ಸಿಯೂ ಸೇರಿದಂತೆ ಎಮರ್ಜೆನ್ಸಿ ವಿಭಾಗದಲ್ಲಿ, ಆಮೇಲಿನ ಮೂರು ವರ್ಷ ಹೈಯರ್ ಟ್ರೈನಿಂಗ್. ಜೊತೆಗೆ ಆ ಕಾಲೇಜಿನ ಪರೀಕ್ಷೆಗಳು: ಎಂಆರ್‌ಸಿಇಎಂ ಮೂರು ಹಂತ, ಆಮೇಲೆ ಎಫ್‌ಆರ್‌ಸಿಇಎಂ ಎರಡು. ಎಲ್ಲ ಮುಗಿದ ಮೇಲೆ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಸಿಸಿಟಿ, ಅಲ್ಲಿಗೆ ಕನ್ಸಲ್ಟೆಂಟ್.

ಓದೋದಕ್ಕೆ ಚೆನ್ನಾಗಿದೆ. ಒಳಗೆ ಹೋಗೋದು?

ಇಂಗ್ಲಿಷ್ ಪರೀಕ್ಷೆ ಬೇಕು, ಐಇಎಲ್‌ಟಿಎಸ್ ಆದರೆ ಒಟ್ಟು 7.5, ನಾಲ್ಕು ಭಾಗಗಳಲ್ಲೂ 7ಕ್ಕೆ ಕಡಿಮೆ ಇರಬಾರದು. ಆಮೇಲೆ ಹೊರದೇಶದ ಡಾಕ್ಟರುಗಳಿಗೆ ಇರುವ ಪ್ಲ್ಯಾಬ್ ಪರೀಕ್ಷೆ ಬರೆಯಬೇಕು, ಮೊದಲ ಭಾಗ ಭಾರತದಲ್ಲೇ ಬರೆಯಬಹುದು, ಎರಡನೆಯದಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಬೇಕು. ಅಥವಾ ಎಂಆರ್‌ಸಿಇಎಂ ಪೂರ್ತಿ ಮುಗಿಸಿ ಅದರ ಮೇಲೆ ಅಲ್ಲಿನ ವೈದ್ಯಕೀಯ ಮಂಡಳಿ ಜಿಎಂಸಿಯ ರಿಜಿಸ್ಟ್ರೇಷನ್ ತೆಗೆದುಕೊಳ್ಳಬಹುದು. ಇಎಂ ಅಂತ ನಿರ್ಧಾರ ಗಟ್ಟಿಯಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಪ್ಲ್ಯಾಬ್ ಬರೀ ಬಾಗಿಲು ತೆರೆಯುತ್ತದೆ. ಎಂಆರ್‌ಸಿಇಎಂ ಬಾಗಿಲನ್ನೂ ತೆರೆಯುತ್ತದೆ, ಒಳಗೆ ಕೂರಲು ಕುರ್ಚಿಯನ್ನೂ ಕೊಡುತ್ತದೆ, ಯಾಕೆಂದರೆ ಇಂಟರ್‌ವ್ಯೂನಲ್ಲಿ ಅದಕ್ಕೆ ತೂಕ ಇದೆ.

ಆದರೆ ಹಳೇ ಸೀನಿಯರ್‌ಗಳ ಮಾತು ಕೇಳಿ ಹೊರಡಬೇಡಿ. ಪ್ಲ್ಯಾಬ್ ಪಾಸಾದ ತಿಂಗಳೊಳಗೆ ಕೆಲಸ ಸಿಗುತ್ತಿದ್ದ ಕಾಲ ಮುಗಿದಿದೆ. ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟಿನ ಒಂದೊಂದು ಹುದ್ದೆಗೆ ಅರ್ಜಿಗಳ ರಾಶಿ ಬಿದ್ದು ಕೆಲವೇ ಗಂಟೆಯಲ್ಲಿ ಜಾಹೀರಾತು ಮುಚ್ಚುತ್ತಾರೆ. 2025ರ ಜುಲೈನಲ್ಲಿ ಬಂದ ಅಲ್ಲಿನ ಸರ್ಕಾರದ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ, ತರಬೇತಿ ಸೀಟಿಗೆ ಬ್ರಿಟನ್ನಿನಲ್ಲೇ ಓದಿದವರಿಗೆ ಆದ್ಯತೆ ಅಂತ ನೇರವಾಗಿ ಬರೆದಿದ್ದಾರೆ. ಅದು ಅವರ ದೃಷ್ಟಿಯಿಂದ ತಪ್ಪೂ ಅಲ್ಲ. ಹಾಗಾಗಿ ಹೊರಗಿನಿಂದ ಹೋದವರಿಗೆ ಹೆಚ್ಚು ನಿಜವಾದ ದಾರಿ ಅಂದರೆ ಟ್ರೈನಿಂಗ್ ಅಲ್ಲದ ಹುದ್ದೆಯಲ್ಲಿ ಸೇರಿ, ವರ್ಷಗಟ್ಟಲೆ ಕೆಲಸದ ದಾಖಲೆ ಕೂಡಿಸಿ, "ಪೋರ್ಟ್‌ಫೋಲಿಯೋ ಪಾತ್‌ವೇ" ಮೂಲಕ ಸ್ಪೆಷಲಿಸ್ಟ್ ಪಟ್ಟಿಗೆ ಸೇರುವುದು. ಹಳಬರು ಇದನ್ನು ಸಿಸರ್ ಅನ್ನುತ್ತಾರೆ. ಸಾವಿರಾರು ಪುಟ ಕಾಗದ. ಮೊದಲ ದಿನದಿಂದಲೇ ಪ್ರತಿ ಪ್ರೊಸೀಜರ್ ಬರೆದಿಡಬೇಕು, "ಆಮೇಲೆ ಮಾಡಿದರಾಯ್ತು" ಅಂದವರು ಐದನೇ ವರ್ಷ ತಲೆ ಮೇಲೆ ಕೈಹೊತ್ತು ಕೂತಿದ್ದನ್ನು ನೋಡಿದ್ದೇನೆ.

ಕೆಲಸದ ಬಗ್ಗೆಯೂ ಹೇಳಬೇಕು. ನಾಲ್ಕು ಗಂಟೆಯೊಳಗೆ ರೋಗಿಯನ್ನು ನೋಡಿ ಅಡ್ಮಿಟ್ ಮಾಡಬೇಕು ಅಥವಾ ಮನೆಗೆ ಕಳಿಸಬೇಕು ಅನ್ನೋ ನಿಯಮ ಇಂಗ್ಲೆಂಡಿನದು. ನೂರಕ್ಕೆ 95 ಜನರಿಗೆ ಹೀಗಾಗಬೇಕು ಅಂತ ಇದೆ, ಒಟ್ಟಾರೆ ಅದನ್ನು ಮುಟ್ಟಿ ಹತ್ತು ವರ್ಷದ ಮೇಲಾಯಿತು. ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲದೆ ಅಜ್ಜ ಅಜ್ಜಿಯರು ಕಾರಿಡಾರ್‌ನಲ್ಲಿ ಸ್ಟ್ರೆಚರ್ ಮೇಲೆ ರಾತ್ರಿ ಕಳೆಯುತ್ತಾರೆ. ನಾನು ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಅಜ್ಜಿಯನ್ನು ಕಾರಿಡಾರ್‌ನಲ್ಲೇ ಪರೀಕ್ಷೆ ಮಾಡಿದೆ, ಪಕ್ಕದಲ್ಲಿ ಸಂಬಂಧವಿಲ್ಲದ ಹತ್ತು ಜನ ನಿಂತಿದ್ದರು. ವಿಮಾನ ಹತ್ತಿ ಬಂದಿದ್ದು ಇದಕ್ಕಾ ಅನ್ನಿಸಿತು. ಆದರೆ ಅವತ್ತೇ ರಾತ್ರಿ ಎರಡು ಗಂಟೆಗೆ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದಾಗ ಬೈಯದೆ ಪೂರ್ತಿ ಕೇಳಿಸಿಕೊಂಡರು. ಊರಲ್ಲಿ ಡ್ಯೂಟಿ ಡಾಕ್ಟರಾಗಿದ್ದಾಗ ಆ ಅನುಭವ ಆಗಿರಲಿಲ್ಲ.

ಐರ್ಲೆಂಡ್ ಇದರ ಸಣ್ಣ ತಮ್ಮ. ಕೋರ್ 3 ವರ್ಷ, ಅಡ್ವಾನ್ಸ್ಡ್ 4 ವರ್ಷ, ಪರೀಕ್ಷೆಗಳು ಬ್ರಿಟನ್ ಕಾಲೇಜಿನವೇ. ಕಾರಿಡಾರ್ ಕಥೆಯೂ ಅದೇ, ಅಲ್ಲಿನ ನರ್ಸುಗಳ ಸಂಘ ಟ್ರಾಲಿ ಮೇಲೆ ಎಷ್ಟು ಜನ ಕಾಯುತ್ತಿದ್ದಾರೆ ಅಂತ ದಿನಾ ಎಣಿಸಿ ಹೇಳುತ್ತದೆ. ಹೊರಗಿನಿಂದ ಹೋದವರಲ್ಲಿ ಬಹಳ ಜನ ಟ್ರೈನಿಂಗ್ ಅಲ್ಲದ ಹುದ್ದೆಯಲ್ಲೇ ಸುತ್ತುತ್ತಾರೆ. ಸಂಬಳಕ್ಕೆ ಮೋಸವಿಲ್ಲ, ಕಲಿಕೆಗೆ ನೀವೇ ಹೋರಾಡಬೇಕು.

ಜರ್ಮನಿ

ಈಗ ಶುರುವಿನ ಮಾತಿಗೆ ಬರೋಣ. 1957ರಲ್ಲಿ ಹೈಡೆಲ್ಬರ್ಗ್‌ನಲ್ಲಿ ಒಂದು ಬಸ್ಸಿನೊಳಗೆ ಆಪರೇಷನ್ ಥಿಯೇಟರ್ ಕಟ್ಟಿ ಅಪಘಾತದ ಜಾಗಕ್ಕೇ ಓಡಿಸಿದರು. ಕ್ಲಿನೋಮೊಬಿಲ್ ಅಂತ ಹೆಸರು. ಅಷ್ಟು ದೊಡ್ಡ ಗಾಡಿ ಸಂದಿಗೊಂದಿಯಲ್ಲಿ ನುಗ್ಗಲಿಲ್ಲ, ಪ್ರಯೋಗ ನಿಂತಿತು. 1964ರಲ್ಲಿ ಅದೇ ಊರಿನಲ್ಲಿ, ಡಾಕ್ಟರ್ ಒಬ್ಬರೇ ಸಣ್ಣ ಕಾರಿನಲ್ಲಿ ಹೋಗುವುದು, ಆಂಬುಲೆನ್ಸ್ ಬೇರೆ ಕಡೆಯಿಂದ ಬಂದು ಅಲ್ಲಿ ಸೇರುವುದು ಅನ್ನೋ ಪದ್ಧತಿ ಶುರುವಾಯಿತು. ಇವತ್ತಿಗೂ ಜರ್ಮನಿ ಓಡುತ್ತಿರುವುದು ಇದರ ಮೇಲೆಯೇ. ಆ ಡಾಕ್ಟರನ್ನು ನೋಟ್‌ಆರ್ಟ್ಸ್ಟ್ ಅನ್ನುತ್ತಾರೆ.

ನೋಟ್‌ಆರ್ಟ್ಸ್ಟ್ ಆಗೋಕೆ ಬೇರೆ ಪಿಜಿ ಬೇಡ. ಅಲ್ಲಿನ ಮಾದರಿ ನಿಯಮದ ಪ್ರಕಾರ ಎರಡು ವರ್ಷ ಆಸ್ಪತ್ರೆ ಕೆಲಸ, 80 ಗಂಟೆಯ ಕೋರ್ಸ್, ಹಿರಿಯರ ಜೊತೆ 50 ಸಲ ಗಾಡಿಯಲ್ಲಿ ಹೋಗಿ ಬರುವುದು, ಆಮೇಲೆ ಪರೀಕ್ಷೆ. ಅನಸ್ತೇಷಿಯಾದವರು, ಮೆಡಿಸಿನ್‌ನವರು ತಮ್ಮ ಪಿಜಿ ನಡುವೆಯೇ ಇದನ್ನು ಮುಗಿಸಿ ವಾರಾಂತ್ಯ ಗಾಡಿ ಹತ್ತುತ್ತಾರೆ.

ಆಸ್ಪತ್ರೆಯೊಳಗಿನ ಎಮರ್ಜೆನ್ಸಿ ಬೇರೆ ವಿಷಯ. ಅಲ್ಲಿ ಬಹಳ ಕಾಲ ಮೆಡಿಸಿನ್‌ಗೆ ಒಂದು ಬಾಗಿಲು, ಸರ್ಜರಿಗೆ ಒಂದು ಬಾಗಿಲು. ಹೊಟ್ಟೆನೋವಿನವರು ಯಾವ ಬಾಗಿಲಿಗೆ ಹೋಗಬೇಕು ಅನ್ನೋದೇ ತಲೆನೋವು. ಈಗ ಒಂದೇ ಸೆಂಟ್ರಲ್ ಎಮರ್ಜೆನ್ಸಿ ಬಹಳ ಕಡೆ ಬಂದಿದೆ. 2018ರಲ್ಲಿ ಎರ್ಫುರ್ಟ್‌ನಲ್ಲಿ ಸೇರಿದ ವೈದ್ಯರ ಮಹಾಸಭೆ ಇದಕ್ಕೊಂದು ಹೆಚ್ಚುವರಿ ಅರ್ಹತೆ ಒಪ್ಪಿಕೊಂಡಿತು: ಮೊದಲು ಮೆಡಿಸಿನ್, ಸರ್ಜರಿ, ಅನಸ್ತೇಷಿಯಾ ತರಹದ ಒಂದು ಪೂರ್ತಿ ಪಿಜಿ, ಅಂದರೆ ಐದಾರು ವರ್ಷ, ಆಮೇಲೆ ಎಮರ್ಜೆನ್ಸಿಯಲ್ಲಿ 24 ತಿಂಗಳು. ಲೆಕ್ಕ ಹಾಕಿದರೆ ಏಳೆಂಟು ವರ್ಷ.

ಹಾಗಾದರೆ ಜರ್ಮನಿ ಬೇಡವಾ? ನಾನು ಹಾಗೆ ಹೇಳುತ್ತಿಲ್ಲ. ಒಂದು ದೊಡ್ಡ ಅನುಕೂಲ ಇದೆ. ಅಲ್ಲಿ ನೀಟ್ ಪಿಜಿ ತರಹದ ಎಂಟ್ರೆನ್ಸೇ ಇಲ್ಲ. ಆಸ್ಪತ್ರೆಗೆ ನೀವೇ ನೇರ ಅರ್ಜಿ ಹಾಕುತ್ತೀರಿ, ಮುಖ್ಯಸ್ಥರು ಮಾತಾಡಿಸುತ್ತಾರೆ, ಒಪ್ಪಿದರೆ ಸಂಬಳದ ಕೆಲಸವೇ ನಿಮ್ಮ ಪಿಜಿ. ರ‍್ಯಾಂಕೂ ಇಲ್ಲ, ಡೊನೇಷನ್ನೂ ಇಲ್ಲ. ನಮ್ಮಲ್ಲಿ ಪಿಜಿ ಸೀಟಿಗೆ ಅಪ್ಪ ಜಮೀನು ಮಾರುವುದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಬದಲಿಗೆ ಕೇಳುವುದು ಭಾಷೆ. ಸಾಮಾನ್ಯ ಜರ್ಮನ್ ಬಿ2, ಅದರ ಮೇಲೆ ಸಿ1 ಮಟ್ಟದ ವೈದ್ಯಕೀಯ ಭಾಷೆಯ ಪರೀಕ್ಷೆ. ಅದರ ಹೆಸರು ಫಾಖ್‌ಶ್ಪ್ರಾಖ್‌ಪ್ರೂಫುಂಗ್, ಸರಿಯಾಗಿ ಉಚ್ಚರಿಸಿದರೆ ಅರ್ಧ ಪಾಸು ಅಂತ ತಮಾಷೆ ಮಾಡುತ್ತೇವೆ. ಆಮೇಲೆ ನಿಮ್ಮ ಎಂಬಿಬಿಎಸ್ ಅವರ ಓದಿಗೆ ಸಮವಾ ಅಂತ ನೋಡುತ್ತಾರೆ, ಕೊರತೆ ಕಂಡರೆ ಇನ್ನೊಂದು ಜ್ಞಾನದ ಪರೀಕ್ಷೆ. ಇದೆಲ್ಲ ಒಂದೊಂದು ರಾಜ್ಯಕ್ಕೆ ಒಂದೊಂದು ರೀತಿ, ಬವೇರಿಯಾದಲ್ಲಿ ಕೇಳಿದ ಕಾಗದವೇ ಬೇರೆ, ಹೆಸ್ಸೆಯಲ್ಲಿ ಕೇಳಿದ್ದೇ ಬೇರೆ.

ಅನಸ್ತೇಷಿಯಾ ಇಷ್ಟ, ರಸ್ತೆಯ ಮೇಲಿನ ಕೆಲಸವೂ ಇಷ್ಟ, ಬಾಗಿಲಲ್ಲಿ ನಿಂತು ಕಿವಿನೋವು ನೋಡುವುದು ಬೇಡ ಅನ್ನುವವರಿಗೆ ಜರ್ಮನಿಗಿಂತ ಒಳ್ಳೆಯ ಜಾಗ ಇಲ್ಲ. "ಎಮರ್ಜೆನ್ಸಿ ಫಿಸಿಷಿಯನ್" ಅಂತಲೇ ಬೋರ್ಡು ಹಾಕಿಕೊಳ್ಳಬೇಕು ಅನ್ನುವವರಿಗೆ ಇದು ಸುತ್ತು ದಾರಿ.

ಫ್ರಾನ್ಸ್

ಫ್ರಾನ್ಸ್‌ನಲ್ಲಿ ತುರ್ತಿಗೆ 15 ಒತ್ತಿದರೆ ಮೊದಲು ಸಹಾಯಕರು ಫೋನ್ ಎತ್ತುತ್ತಾರೆ, ಆಮೇಲೆ ಲೈನಿಗೆ ಡಾಕ್ಟರೇ ಬರುತ್ತಾರೆ. ಯಾವ ಗಾಡಿ ಕಳಿಸಬೇಕು, ಕಳಿಸಬೇಕಾ ಬೇಡವಾ, ಸುಮ್ನೆ ಸಲಹೆ ಸಾಕಾ ಅಂತ ಅವರೇ ನಿರ್ಧಾರ ಮಾಡುತ್ತಾರೆ. ಇದರ ಬೇರು 1950ರ ದಶಕದ ಪೋಲಿಯೋದಲ್ಲಿದೆ. ಉಸಿರಾಟದ ಮೆಷಿನ್ ಮೇಲಿದ್ದವರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಲು ಡಾಕ್ಟರು ಜೊತೆಗೇ ಹೋಗಬೇಕಾಯಿತು. 1968ರಲ್ಲಿ ತುಲೂಸ್‌ನಲ್ಲಿ ಲೂಯಿ ಲರೆಂಗ್ ಅನ್ನೋ ಡಾಕ್ಟರು ಮೊದಲ ಸಾಮು (ಈ ತುರ್ತು ಸೇವೆಯ ಹೆಸರು) ಕಟ್ಟಿದರು, 1986ರಲ್ಲಿ ಅದಕ್ಕೊಂದು ಕಾನೂನೂ ಬಂತು.

ಈ ಪದ್ಧತಿ ಜಗತ್ತಿನ ಬಾಯಿಗೆ ಬಿದ್ದಿದ್ದು 1997ರ ಆಗಸ್ಟ್ 31ರಂದು. ಪ್ಯಾರಿಸ್ ಸುರಂಗದಲ್ಲಿ ಡಯಾನಾ ಅವರ ಕಾರು ಗುದ್ದಿದ್ದು ಮಧ್ಯರಾತ್ರಿ ದಾಟಿ 20 ನಿಮಿಷದ ಸುಮಾರಿಗೆ, ಆಸ್ಪತ್ರೆ ತಲುಪಿದ್ದು ಎರಡು ಗಂಟೆಯ ಮೇಲೆ. ಅಲ್ಲೇ ನಿಂತು ಚಿಕಿತ್ಸೆ ಕೊಟ್ಟಿದ್ದು ಸರಿಯಾ, ಎತ್ತಿಕೊಂಡು ಓಡಬೇಕಿತ್ತಾ ಅಂತ ಬ್ರಿಟನ್, ಅಮೆರಿಕದ ಡಾಕ್ಟರುಗಳು ಇವತ್ತಿಗೂ ಜಗಳ ಆಡುತ್ತಾರೆ. ಒಳಗೆ ರಕ್ತ ಸೋರುತ್ತಿರುವವರಿಗೆ ಬೇಕಾದ್ದು ಓಟಿ, ಎದೆನೋವಿನವರಿಗೆ ಮನೆಗೇ ಬರುವ ಡಾಕ್ಟರ್. ಒಂದು ಪದ್ಧತಿ ಇನ್ನೊಂದಕ್ಕಿಂತ ಎಲ್ಲದರಲ್ಲೂ ಮೇಲು ಅನ್ನುವವರು ಒಂದೇ ತರಹದ ರೋಗಿಯನ್ನು ಮನಸ್ಸಲ್ಲಿ ಇಟ್ಟುಕೊಂಡಿರುತ್ತಾರೆ.

ಪೂರ್ತಿ ಪ್ರತ್ಯೇಕ ಪಿಜಿ ಅಲ್ಲಿ ಶುರುವಾಗಿದ್ದು 2017ರಲ್ಲಿ, ನಾಲ್ಕು ವರ್ಷ. ಫೋನು, ಗಾಡಿ, ಆಸ್ಪತ್ರೆ ಮೂರನ್ನೂ ಕಲಿಸುತ್ತಾರೆ. ನಿಜ ಹೇಳಬೇಕೆಂದರೆ ಕಾಗದದ ಮೇಲೆ ಯುರೋಪಿನಲ್ಲೇ ಪೂರ್ಣವಾದ ಎಮರ್ಜೆನ್ಸಿ ಡಾಕ್ಟರ್ ಇವರೇ. ಆದರೆ ಬರೀ ಎಂಬಿಬಿಎಸ್ ಹಿಡಿದು ಹೋಗುವವರಿಗೆ ಇದು ಬಾಗಿಲೇ ಅಲ್ಲ. ಹೊರಗಿನವರ ಪರೀಕ್ಷೆ ಬರೆಯಲು ಆ ಸ್ಪೆಷಾಲಿಟಿಯಲ್ಲಿ ಆಗಲೇ ಅರ್ಹತೆ ಇರಬೇಕು, ಫ್ರೆಂಚ್ ನೀರು ಕುಡಿದ ಹಾಗೆ ಬರಬೇಕು. ಪಾಂಡಿಚೇರಿಯಲ್ಲಿ ಬೆಳೆದವರಾದರೆ ಯೋಚಿಸಿ.

ಉತ್ತರದ ದೇಶಗಳು, ಡಚ್ಚರು

ಸ್ವೀಡನ್ ನನ್ನ ಮಟ್ಟಿಗೆ ಯಾರೂ ಗಮನಿಸದ ಆಯ್ಕೆ. 2006ರಲ್ಲಿ ಬೇರೆ ಪಿಜಿಯ ಮೇಲೆ ಸೇರಿಸುವ ಅರ್ಹತೆಯಾಗಿ ಶುರು ಮಾಡಿ, 2015ರಲ್ಲಿ ಪೂರ್ತಿ ಸ್ವತಂತ್ರ ಸ್ಪೆಷಾಲಿಟಿ ಮಾಡಿದರು. ಅಂದರೆ ಜರ್ಮನಿ ಈಗ ನಿಂತಿರುವ ಮೆಟ್ಟಿಲನ್ನು ಇವರು ಒಂಬತ್ತು ವರ್ಷದಲ್ಲಿ ದಾಟಿದರು. ತರಬೇತಿ ಕನಿಷ್ಠ ಐದು ವರ್ಷ. ಹೊರಗಿನವರು ಉಮಿಯೋ ವಿಶ್ವವಿದ್ಯಾಲಯ ನಡೆಸುವ ಜ್ಞಾನ ಪರೀಕ್ಷೆ ಪಾಸಾಗಬೇಕು, ಸ್ವೀಡಿಷ್ ಸಿ1 ಮಟ್ಟಕ್ಕೆ ಬರಬೇಕು. ಭಾಷೆ ಕಲಿಯಲು ಜರ್ಮನ್‌ನಷ್ಟು ಕಷ್ಟ ಇಲ್ಲ ಅಂತ ಎರಡನ್ನೂ ಕಲಿತವರು ಹೇಳುತ್ತಾರೆ, ಆದರೆ ನಮ್ಮೂರಲ್ಲಿ ಕಲಿಸುವವರು ಸಿಗಬೇಕಲ್ಲ.

ಫಿನ್ಲೆಂಡ್ 2013ರಲ್ಲಿ ಒಪ್ಪಿತು, ಡೆನ್ಮಾರ್ಕ್ ಮತ್ತು ನಾರ್ವೆ 2017ರಲ್ಲಿ. ಗಂಡ ಅಥವಾ ಹೆಂಡತಿಗೆ ಅಲ್ಲಿ ಕೆಲಸ ಸಿಕ್ಕು ನೀವೂ ಹೋಗುವುದಾದರೆ ಬೇರೆ ಮಾತು, ಇಲ್ಲವಾದರೆ ಎಮರ್ಜೆನ್ಸಿಗೋಸ್ಕರವೇ ಫಿನ್ನಿಷ್ ಕಲಿಯಿರಿ ಅಂತ ನಾನು ಹೇಳುವುದಿಲ್ಲ.

ನೆದರ್‌ಲೆಂಡ್ಸ್ ಮೋಸಗೊಳಿಸುತ್ತದೆ. 2000ದಿಂದಲೇ ತರಬೇತಿ ಇದೆ, ಬರೀ ಮೂರು ವರ್ಷ. ರಾತ್ರಿ ಹೊತ್ತು ಜ್ವರ, ಸಣ್ಣಪುಟ್ಟ ಗಾಯದವರು ಮೊದಲು ಜಿಪಿಗಳು (ಫ್ಯಾಮಿಲಿ ಡಾಕ್ಟರುಗಳು) ನಡೆಸುವ ಕೇಂದ್ರಕ್ಕೆ ಫೋನ್ ಮಾಡಬೇಕು, ಹಾಗಾಗಿ ಎಮರ್ಜೆನ್ಸಿಯಲ್ಲಿ ಜಾತ್ರೆ ಇರುವುದಿಲ್ಲ. ಕೆಲಸದ ವಾತಾವರಣ ಚೆಂದ. ತೊಡಕು ಅಂದರೆ ಯುರೋಪಿಯನ್ ಯೂನಿಯನ್ (ಇಯು) ನಿಯಮದಲ್ಲಿ ಈ ಸ್ಪೆಷಾಲಿಟಿಗೆ ಕನಿಷ್ಠ ಐದು ವರ್ಷ ಅಂತ ಇದೆ. ಮೂರು ವರ್ಷದ ಡಚ್ ಸರ್ಟಿಫಿಕೇಟ್ ಹಿಡಿದು ಪಕ್ಕದ ದೇಶಕ್ಕೆ ಹೋದರೆ ತಾನಾಗಿ ಸ್ಪೆಷಲಿಸ್ಟ್ ಅಂತ ಒಪ್ಪುವುದಿಲ್ಲ.

ಇಟಲಿ, ಸ್ಪೇನ್

ಇಟಲಿಯಲ್ಲಿ 2008–09ರಿಂದ ಐದು ವರ್ಷದ ಪಿಜಿ ಇದೆ, ಸೀಟುಗಳು ಖಾಲಿ ಉಳಿಯುತ್ತವೆ. ಸೀಟು ಖಾಲಿ ಅಂದ ತಕ್ಷಣ ಕಣ್ಣು ಅರಳಿಸಬೇಡಿ. ಅಲ್ಲಿನ ಹುಡುಗರೇ ಯಾಕೆ ಬೇಡ ಅಂದರು ಅಂತ ಕೇಳಿ: ರಾತ್ರಿ ಪಾಳಿ, ಸಿಬ್ಬಂದಿಗೆ ಬೀಳುವ ಏಟು, ಪಕ್ಕದಲ್ಲಿ ದಿನಗೂಲಿಯ ಹಾಗೆ ಪಾಳಿಗಿಷ್ಟು ಅಂತ ಬರುವ ಗುತ್ತಿಗೆ ಡಾಕ್ಟರಿಗೆ ನಿಮಗಿಂತ ಜಾಸ್ತಿ ದುಡ್ಡು. ಸ್ಪೇನ್ ದಶಕಗಟ್ಟಲೆ ಎಳೆದಾಡಿ 2024ರ ಜುಲೈನಲ್ಲಿ ನಾಲ್ಕು ವರ್ಷದ ಸ್ಪೆಷಾಲಿಟಿಗೆ ಒಪ್ಪಿಗೆ ಕೊಟ್ಟಿತು, ಅದೇ ವರ್ಷ ಪೋರ್ಚುಗಲ್ ವೈದ್ಯರ ಸಂಘವೂ ಒಪ್ಪಿತು. ಹೊಸ ಮನೆ, ಇನ್ನೂ ಸುಣ್ಣ ಒಣಗಿಲ್ಲ. ಮೊದಲ ಬ್ಯಾಚುಗಳು ಹೊರಬರಲಿ, ನೋಡೋಣ.

ವಾಪಸ್ ಬರುವವರಿಗೆ

ಇದನ್ನು ಏಜೆಂಟರು ಹೇಳುವುದಿಲ್ಲ. ಭಾರತದಲ್ಲಿ ಹೊರದೇಶದ ಪಿಜಿಯನ್ನು ನೇರ ಒಪ್ಪುವ ಪಟ್ಟಿಯಲ್ಲಿರುವುದು ಐದು ಇಂಗ್ಲಿಷ್ ದೇಶಗಳು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಜರ್ಮನಿ, ಸ್ವೀಡನ್ ಅದರಲ್ಲಿಲ್ಲ, ಇಂಗ್ಲಿಷ್ ಮಾತಾಡುವ ಐರ್ಲೆಂಡ್ ಕೂಡ ಇಲ್ಲ. ಎಂಟು ವರ್ಷ ಕಳೆದು ಬೆಂಗಳೂರಿಗೆ ಬಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಹೊರಡುವ ಮೊದಲೇ ನಮ್ಮ ವೈದ್ಯಕೀಯ ಆಯೋಗ ಎನ್‌ಎಂಸಿಯ ಆಗಿನ ನಿಯಮ ಓದಿಕೊಳ್ಳಿ. ಬ್ರಿಟನ್ನಿನದ್ದರಲ್ಲೂ ಎಣಿಕೆಗೆ ಬರುವುದು ಪೂರ್ತಿ ತರಬೇತಿ ಮುಗಿಸಿದ್ದು. ಎಂಆರ್‌ಸಿಇಎಂ ಒಂದೇ ಇದ್ದರೆ ಅದು ಇಲ್ಲಿನ ಎಂಡಿಗೆ ಸಮ ಆಗುವುದಿಲ್ಲ, ಕಾರ್ಪೊರೇಟ್ ಆಸ್ಪತ್ರೆಗಳು ಅದಕ್ಕೆ ಬೆಲೆ ಕೊಡುತ್ತವೆ ಅನ್ನೋದು ಬೇರೆ.

ಹಾಗೇ ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ ಸರ್ಟಿಫಿಕೇಟಿಗೆ ಇಯುನಲ್ಲಿ ತಾನಾಗಿ ಸಿಗುತ್ತಿದ್ದ ಮಾನ್ಯತೆ 2021ರಿಂದ ಇಲ್ಲ. "ಮೊದಲು ಲಂಡನ್, ಆಮೇಲೆ ಬಾರ್ಸಿಲೋನಾ" ಅನ್ನೋ ಹಳೇ ಲೆಕ್ಕ ಈಗ ನಡೆಯುವುದಿಲ್ಲ. ಇಬಿಇಇಎಂ ಅಂತ ಯುರೋಪಿನ ಬೋರ್ಡ್ ಪರೀಕ್ಷೆಯೊಂದಿದೆ, 2013ರಿಂದ ನಡೆಸುತ್ತಿದ್ದಾರೆ. ಒಳ್ಳೆಯ ಪರೀಕ್ಷೆಯೇ, ಹೆಸರಿನ ಮುಂದೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಲೈಸೆನ್ಸ್ ಅಲ್ಲ, ಅದನ್ನು ತೋರಿಸಿ ಯಾವ ದೇಶದಲ್ಲೂ ರೋಗಿಯನ್ನು ಮುಟ್ಟಲು ಆಗುವುದಿಲ್ಲ.

ಮತ್ತೆ, ನಮ್ಮಲ್ಲೇ ಎಂಡಿ ಎಮರ್ಜೆನ್ಸಿ ಮೆಡಿಸಿನ್ ಇದೆ ಅನ್ನೋದನ್ನು ಮರೆಯಬೇಡಿ. 2009ರಲ್ಲಿ ಆಗಿನ ವೈದ್ಯಕೀಯ ಮಂಡಳಿ ಎಂಸಿಐ ಒಪ್ಪಿದ್ದು, ಅಂದರೆ ಡೆನ್ಮಾರ್ಕ್, ನಾರ್ವೆ, ಸ್ಪೇನ್‌ಗಿಂತ ನಾವೇ ಮುಂದೆ. ಮೂರು ವರ್ಷಕ್ಕೆ ಕೈಗೊಂದು ಪಿಜಿ. ಅದನ್ನು ಮುಗಿಸಿ ಹೋದವರಿಗೆ ಬ್ರಿಟನ್ನಿನ ಪೋರ್ಟ್‌ಫೋಲಿಯೋ ದಾರಿ ಹಗುರ, ವಾಪಸ್ ಬಂದರೆ ಇಲ್ಲಿ ನೆಲೆಯೂ ಇರುತ್ತದೆ. ಸೀಟು ಸಿಗುವ ಹಾಗಿದ್ದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಸಿಗದಿದ್ದರೆ? ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಯುವ ತಾಳ್ಮೆ ಇಲ್ಲದವರು ಎಂಆರ್‌ಸಿಇಎಂ ಪ್ರೈಮರಿಗೆ ಕೂರಿ. ಮೂರು ಗಂಟೆ, 180 ಪ್ರಶ್ನೆ. ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ, ಪೆಥಾಲಜಿ, ಮೈಕ್ರೋಬಯಾಲಜಿ, ಎಲ್ಲ ನೀವು ಒಮ್ಮೆ ಓದಿ ಮರೆತಿದ್ದೇ. ಹಾಗಾಗಿ ನೀಟ್ ಪಿಜಿ ಪುಸ್ತಕಗಳನ್ನು ಜೂನಿಯರ್‌ಗೆ ಅರ್ಧ ಬೆಲೆಗೆ ಮಾರುವ ಯೋಚನೆ ಇದ್ದರೆ ಇನ್ನೊಂದು ಆರು ತಿಂಗಳು ತಡೆಯಿರಿ.